ಕಚ್ಚುವ ಮಗು ಕೆಟ್ಟ ಮಗು ಅಲ್ಲ

1/8

ಫೋಟೋದಲ್ಲಿ ಇರೋದು ಡೇ ಕೇರ್ ಬಾಗಿಲ ಹೊರಗೆ ಬಿಟ್ಟ ಪುಟ್ಟ ಚಪ್ಪಲಿಗಳು, ಅಷ್ಟೇ. ಈ ಸರಣಿಯ ಎಂಟು ಪೋಸ್ಟ್‌ನಲ್ಲೂ ಯಾವ ಮಗುವಿನ ಮುಖವೂ ಬರಲ್ಲ, ಹೆಸರೂ ಬರಲ್ಲ. ಯಾಕೆ ಅಂತ ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ.

ವಿಷಯ ಇದು. ಎರಡು ವರ್ಷದ ಮಗು ಡೇ ಕೇರ್‌ನಲ್ಲಿ ಇನ್ನೊಂದು ಮಗುವಿನ ಕೈ ಕಚ್ಚುತ್ತೆ. ಮಾರನೇ ವಾರ ಇನ್ನೊಬ್ಬಳ ಕೂದಲು ಎಳೆಯುತ್ತೆ. ಮೂರನೇ ಸಲಕ್ಕೆ ಡೇ ಕೇರ್‌ನವರು ಅಮ್ಮನನ್ನ ಕರೆದು ಹೇಳ್ತಾರೆ: "ಮೇಡಂ, ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಿದ್ದಾರೆ. ಸೋಮವಾರದಿಂದ ಕಳಿಸಬೇಡಿ."

ಸೋಮವಾರದಿಂದ ಆ ಅಮ್ಮ ಏನ್ ಮಾಡ್ಬೇಕು? ಅಜ್ಜಿ ಊರಲ್ಲಿ, ಅಪ್ಪನಿಗೆ ಶಿಫ್ಟು, ಅವಳಿಗೆ ರಜೆ ಇಲ್ಲ. ಬಹಳಷ್ಟು ಸಲ ಕೆಲಸ ಬಿಡೋದು ಅವಳೇ. ಒಂದು ಹಲ್ಲಿನ ಗುರುತು ಒಂದು ಮನೆಯ ಸಂಬಳವನ್ನೇ ತಿಂದುಬಿಡುತ್ತೆ. ಆ ಮಗು ಇನ್ನೊಂದು ಡೇ ಕೇರ್‌ಗೆ ಹೋಗುವಾಗ ಅದಕ್ಕಿಂತ ಮೊದಲೇ ಅದರ ಬಿರುದು ಅಲ್ಲಿಗೆ ತಲುಪಿರುತ್ತೆ: "ಅದು ಕಚ್ಚೋ ಮಗು."

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ. ಎರಡು ಮೂರು ವರ್ಷದ ಮಗು ಹೊಡೆಯೋದು, ಕಚ್ಚೋದು, ತಳ್ಳೋದು ಅಪರಾಧ ಅಲ್ಲ, ಸಂಸ್ಕಾರ ಇಲ್ಲದ್ದಕ್ಕೆ ಸಾಕ್ಷಿಯೂ ಅಲ್ಲ. ಹಾಗಂತ "ಮಕ್ಕಳು ಅಂದ್ಮೇಲೆ ಇದ್ದದ್ದೇ" ಅಂತ ಕೈ ತೊಳೆದುಕೊಳ್ಳೋ ವಿಷಯವೂ ಅಲ್ಲ. ಅದನ್ನ ನಿಲ್ಲಿಸೋದು ದೊಡ್ಡವರ ಕೆಲಸ. ಮಗುವನ್ನ ಹೊರಗೆ ಹಾಕೋದು ಅಂದ್ರೆ ಆ ಕೆಲಸವನ್ನ ಮಾಡದೇ ಬಿಟ್ಟೆವು ಅಂತ ಅರ್ಥ.

ನಮ್ಮ ಬ್ಯಾಚಿನವರಲ್ಲಿ ಎಷ್ಟೋ ಜನ ಮುಂದೆ ಇದೇ ಕೆಲಸಕ್ಕೆ ಹೋಗೋರು. ಉಳಿದವರು ಯಾರದೋ ಅಕ್ಕ, ಅಣ್ಣ, ಚಿಕ್ಕಪ್ಪ, ಚಿಕ್ಕಮ್ಮ. ಹಾಗಾಗಿ ಪೂರ್ತಿ ಓದಿ.

2/8

ಮೊದಲು ವಯಸ್ಸಿನ ಲೆಕ್ಕ.

ಕೆನಡಾದ ಮಾಂಟ್ರಿಯಲ್‌ನಲ್ಲಿ ರಿಚರ್ಡ್ ಟ್ರೆಂಬ್ಲೆ ಅನ್ನೋ ಸಂಶೋಧಕರು ಮತ್ತವರ ತಂಡ ಮಕ್ಕಳನ್ನ ಎಳೆಯ ವಯಸ್ಸಿನಿಂದ ವರ್ಷಾನುಗಟ್ಟಲೆ ಗಮನಿಸುತ್ತಾ ಬಂದರು. ನಾವೆಲ್ಲ ಅಂದುಕೊಂಡಿರೋದು ಏನು? ಮಗು ಹುಟ್ಟುವಾಗ ಸಾಧು, ಆಮೇಲೆ ಟಿವಿ ನೋಡಿ, ಕೆಟ್ಟ ಸಹವಾಸ ಮಾಡಿ ಹೊಡೆಯೋದು ಕಲಿಯುತ್ತೆ ಅಂತ. ಅವರಿಗೆ ಕಂಡದ್ದು ಬೇರೆ. ಮನುಷ್ಯ ತನ್ನ ಇಡೀ ಜೀವನದಲ್ಲಿ ಅತಿ ಹೆಚ್ಚು ಸಲ ಕೈ ಎತ್ತೋದು ಹೆಚ್ಚುಕಡಿಮೆ ಎರಡರಿಂದ ನಾಲ್ಕು ವರ್ಷದೊಳಗೆ. ಆಮೇಲೆ ಬಹುಪಾಲು ಮಕ್ಕಳಲ್ಲಿ ಅದು ಇಳಿಯುತ್ತಾ ಹೋಗುತ್ತೆ.

ಇನ್ನೊಂದ್ಸಲ ಓದಿ. ಮಗು ಹೊಡೆಯೋದನ್ನ ಕಲಿಯೋದಕ್ಕಿಂತ ಹೆಚ್ಚಾಗಿ, ಹೊಡೆಯದೇ ಇರೋದನ್ನ ಕಲಿಯುತ್ತೆ. ಹಾಗಿದ್ರೆ ಅದನ್ನ ಕಲಿಸೋರು ಒಬ್ಬರು ಬೇಕಲ್ವಾ?

ನಮ್ಮ ಸಿಟ್ಟನ್ನ ತಡೆದು ಹಿಡಿಯೋದು ಮಿದುಳಿನ ಮುಂಭಾಗ, ಹಣೆಯ ಹಿಂದಿರೋದು. ಅದು ಪೂರ್ತಿ ಬಲಿಯೋಕೆ ಇಪ್ಪತ್ತು ದಾಟಿ ಮೇಲೂ ಕೆಲವು ವರ್ಷ ಬೇಕು. ಅಂದ್ರೆ ಇದನ್ನ ಓದ್ತಿರೋ ನಿಮ್ಮದೇ ಇನ್ನೂ ಪೂರ್ತಿ ಆಗಿಲ್ಲ! ಇಂಟರ್ನಲ್ಸ್ ಹಿಂದಿನ ರಾತ್ರಿ ನೀವು ಅಮ್ಮನ ಮೇಲೆ ರೇಗಿದ್ದು ನೆನಪಿದೆಯಾ? ನಿಮಗೆ ಅಷ್ಟು ಮಾತು ಬರುತ್ತೆ, ಆದರೂ ಬಾಗಿಲು ಬಡಿದಿರಿ. ಎರಡು ವರ್ಷದ ಮಗುವಿಗೆ ಬರೋದು "ನಂದು", "ಬೇಡ", "ಬಾ" ಅನ್ನೋ ಒಂದೆರಡು ಪದದ ಮಾತು. ತನ್ನ ಕೈಲಿದ್ದ ಬಸ್ಸನ್ನ ಇನ್ನೊಬ್ಬ ಕಿತ್ತುಕೊಂಡಾಗ "ಅದು ನನ್ನ ಹತ್ರ ಇತ್ತು, ಇನ್ನೂ ಆಟ ಮುಗಿದಿಲ್ಲ, ಆಮೇಲೆ ಕೊಡ್ತೀನಿ" ಅಂತ ಹೇಳೋಕೆ ಅದಕ್ಕೆ ಇನ್ನೂ ವರ್ಷ ಎರಡು ವರ್ಷ ಬೇಕು. ಹಲ್ಲು ಮಾತ್ರ ಈಗಲೇ ಇದೆ.

ಅದಕ್ಕೇ ನಾನು ಹೇಳೋದು, ಕಚ್ಚೋದು ಎಷ್ಟೋ ಸಲ ಒಂದು ಮಾತು. ತಪ್ಪು ಜಾಗದಿಂದ ಹೊರಟ ಮಾತು, ಅಷ್ಟೇ.

3/8

"ಸರಿ, ಆದರೂ ಯಾಕೆ ಅದೊಂದೇ ಮಗು ಕಚ್ಚುತ್ತೆ?"

ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಪುಸ್ತಕದಲ್ಲಿ ಇರಲ್ಲ, ಒಂದು ನೋಟ್‌ಬುಕ್‌ನಲ್ಲಿ ಇರುತ್ತೆ. ಕ್ಲಾಸಲ್ಲಿ ನಮಗೆ ಹೇಳಿಕೊಟ್ಟ ಮೂರು ಕಾಲಂ ನೆನಪಿದೆಯಾ? ಅದಕ್ಕೆ ಮುಂಚೆ ಏನಾಯ್ತು, ಆಗ ಏನಾಯ್ತು, ಆಮೇಲೆ ಏನಾಯ್ತು. ಜೊತೆಗೆ ಗಂಟೆ ಎಷ್ಟು, ಜಾಗ ಯಾವುದು, ಪಕ್ಕದಲ್ಲಿ ಯಾರಿದ್ರು. ಎರಡು ವಾರ ಬರೀರಿ ಸಾಕು.

ನಾನು ಪೋಸ್ಟಿಂಗ್‌ಗೆ ಹೋಗ್ತಿದ್ದ ಕಡೆ ಒಬ್ಬ ಹುಡುಗ "ಸುಮ್ಮಸುಮ್ಮನೆ ಹೊಡೀತಾನೆ" ಅನ್ನೋ ಹೆಸರು ಪಡೆದಿದ್ದ. ಬರೆದು ನೋಡಿದ್ರೆ ಸುಮ್ಮಸುಮ್ಮನೆ ಅಲ್ಲವೇ ಅಲ್ಲ. ಹೆಚ್ಚಿನವು ಊಟಕ್ಕೆ ಸ್ವಲ್ಪ ಮುಂಚೆ, ಕೈ ತೊಳೆಯೋ ಸಾಲಿನಲ್ಲಿ. ಬೆಳಿಗ್ಗೆ ಏಳೂವರೆಗೇ ಅಮ್ಮ ಬಿಟ್ಟು ಹೋಗ್ತಿದ್ರು, ತಿಂಡಿ ಅರ್ಧಂಬರ್ಧ. ಹೊಟ್ಟೆ ಹಸಿದಿದೆ, ನಿದ್ದೆ ಎಳೀತಿದೆ, ಹಿಂದಿನಿಂದ ಯಾರೋ ತಳ್ತಿದ್ದಾರೆ. ಅಲ್ಲಿನ ಮಿಸ್ ಹತ್ತೂವರೆಗೆ ಒಂದು ಬಾಳೆಹಣ್ಣು ಕೊಡೋಕೆ ಶುರು ಮಾಡಿದ್ರು, ಕೈ ತೊಳೆಯೋಕೆ ಇಬ್ಬಿಬ್ಬರನ್ನೇ ಕಳಿಸಿದ್ರು. ಹೊಡೆಯೋದು ಪೂರ್ತಿ ನಿಲ್ಲಲಿಲ್ಲ. ಆದರೆ "ದಿನಾ" ಅನ್ನೋದು "ಯಾವಾಗಲೋ ಒಮ್ಮೆ" ಆಯ್ತು.

ಇನ್ನೂ ಏನೇನು ಕಾರಣ ಇರಬಹುದು?

• ಹಲ್ಲು ಬರ್ತಿದೆ, ಒಸಡು ಕಡೀತಿದೆ. ಇದು ಹೆಚ್ಚಾಗಿ ಒಂದೂವರೆ ವರ್ಷದೊಳಗಿನ ಮಕ್ಕಳಲ್ಲಿ.
• ಮನೆಗೆ ಹೊಸ ಪಾಪು ಬಂದಿದೆ, ಅಥವಾ ಮನೆ ಬದಲಾಗಿದೆ.
• ಸಾಕಿದ್ದ ಅಜ್ಜಿ ಊರಿಗೆ ಹೋಗಿಬಿಟ್ಟಿದ್ದಾರೆ.
• ಮನೆಯಲ್ಲಿ ಒಂದು ಭಾಷೆ, ಡೇ ಕೇರ್‌ನಲ್ಲಿ ಇನ್ನೊಂದು. ಬೆಂಗಳೂರಲ್ಲಿ ಇದು ಮಾಮೂಲು. ಮನೆಯಲ್ಲಿ ಕನ್ನಡ ಆಡೋ ಮಗುವಿಗೆ ಇಲ್ಲಿ ಇಂಗ್ಲಿಷ್‌ನಲ್ಲೇ "ಶೇರ್ ಮಾಡು" ಅಂದ್ರೆ ಏನು ತಿಳೀಬೇಕು?
• ಕಿವಿ ಸರಿಯಾಗಿ ಕೇಳ್ತಿಲ್ಲ. ಇದನ್ನ ಯಾರೂ ಯೋಚನೆ ಮಾಡಲ್ಲ.
• ಹೊಡೆದಾಗ ಮಾತ್ರ ದೊಡ್ಡವರು ಓಡಿ ಬರ್ತಾರೆ. ಸುಮ್ಮನೆ ಆಡ್ತಿದ್ದಾಗ ಯಾರೂ ತಿರುಗಿ ನೋಡಲ್ಲ. ಮಗು ಲೆಕ್ಕ ಹಾಕದೇ ಇರುತ್ತಾ?

4/8

ಸೇವ್ ಮಾಡ್ಕೊಳ್ಳೋ ಪೋಸ್ಟ್ ಇದು. ಕಣ್ಣೆದುರಿಗೇ ಹೊಡೆದಾಟ ಆದಾಗ ಏನು ಮಾಡೋದು?

ಒಂದು. ಓಡಿ, ಕೂಗಬೇಡಿ. ಇಬ್ಬರ ಮಧ್ಯೆ ಮಂಡಿಯೂರಿ ಕೂತ್ಕೊಳ್ಳಿ. ಎತ್ತಿದ ಕೈಯನ್ನ ಮೆತ್ತಗೆ ಹಿಡೀರಿ. ನಿಮ್ಮ ಮುಖ ಮಗುವಿನ ಮುಖದ ಮಟ್ಟಕ್ಕೆ ಬರಲಿ. ಆರಡಿ ಎತ್ತರದಿಂದ ಬರೋ ಬೈಗುಳ ಎರಡೂವರೆ ಅಡಿ ಮಗುವಿಗೆ ಬರೀ ಗುಡುಗು.

ಎರಡು. ಪೆಟ್ಟು ತಿಂದ ಮಗು ಮೊದಲು. ಎತ್ತಿಕೊಳ್ಳಿ, ಸಮಾಧಾನ ಮಾಡಿ. ಕಚ್ಚಿದ ಗಾಯ ಆದ್ರೆ ಸೋಪು ಹಾಕಿ, ಹರಿಯೋ ನೀರಲ್ಲಿ ತೊಳೀರಿ, ತಣ್ಣೀರ ಬಟ್ಟೆ ಇಡಿ. ಚರ್ಮ ಕಿತ್ತು ರಕ್ತ ಬಂದಿದ್ರೆ ಡಾಕ್ಟರಿಗೆ ತೋರಿಸಲೇಬೇಕು. ಅರಿಶಿನ ಮೆತ್ತಿ ಸುಮ್ಮನಾಗಬೇಡಿ.

ಮೂರು. ಕಚ್ಚಿದ ಮಗುವಿಗೆ ಒಂದೇ ಒಂದು ಚಿಕ್ಕ ಮಾತು. "ಕಚ್ಚೋ ಹಾಗಿಲ್ಲ. ಅವಳಿಗೆ ನೋವಾಯ್ತು." ಅಷ್ಟೇ. ಹತ್ತು ನಿಮಿಷದ ಪ್ರವಚನ ಬೇಡ, ಎರಡನೇ ವಾಕ್ಯಕ್ಕೇ ಅದು ಫ್ಯಾನ್ ನೋಡ್ತಿರುತ್ತೆ.

ನಾಲ್ಕು. ಬೇರೆ ದಾರಿ ಕೊಡಿ. ಬಸ್ಸು ಬೇಕಿತ್ತಾ? "ನಂಗೂ ಕೊಡು" ಅನ್ನು. ಮೈಮೇಲೆ ಬಿದ್ರಾ? "ದೂರ ಹೋಗು" ಅನ್ನು. ಮಾತೇ ಬರದ ಮಗುವಾದ್ರೆ ಕೈ ಚಾಚೋದು, ಅಂಗೈ ಅಡ್ಡ ಹಿಡಿಯೋದು ತೋರಿಸಿ. ಇದು ನಾಟಕ ಅನ್ನಿಸಬಹುದು, ಆದರೆ ದಿನಕ್ಕೆ ಹತ್ತು ಸಲ ಮಾಡಿದ್ರೆ ಒಂದು ದಿನ ಹಲ್ಲಿನ ಬದಲು ಆ ಮಾತೇ ಬರುತ್ತೆ.

ಐದು. ಬಲವಂತದ "ಸಾರಿ" ಬೇಡ. ಎರಡು ವರ್ಷದ ಮಗುವಿಗೆ ಸಾರಿ ಅಂದ್ರೆ ತಪ್ಪಿಸಿಕೊಳ್ಳೋ ಪಾಸ್‌ವರ್ಡ್. ಅದರ ಬದಲು ತಣ್ಣೀರ ಬಟ್ಟೆ ತಂದುಕೊಡೋಕೆ ಹೇಳಿ. ಕೈಯಿಂದ ಆದ ನೋವಿಗೆ ಕೈಯಿಂದಲೇ ಒಂದು ಸಹಾಯ.

ಆರು. ಅದೇ ದಿನ ಬರೆದಿಡಿ, ಎರಡೂ ಮನೆಯವರಿಗೆ ಹೇಳಿ. ಯಾರು ಕಚ್ಚಿದ್ದು ಅಂತ ಇನ್ನೊಂದು ಮನೆಗೆ ಹೇಳೋದು ಬೇಡ.

ಏಳು, ಇದನ್ನ ಎಲ್ಲರೂ ಮರೀತಾರೆ. ಮಧ್ಯಾಹ್ನ ಅದೇ ಮಗು ಇನ್ನೊಬ್ಬಳಿಗೆ ಬ್ಲಾಕ್ ಕೊಟ್ಟಾಗ ಹೋಗಿ ಹೇಳಿ: "ನೀನೇ ಕೊಟ್ಯಾ? ಅವಳಿಗೆ ಖುಷಿ ಆಯ್ತು ನೋಡು."

ಎಲ್ಲಕ್ಕಿಂತ ಮುಖ್ಯ, ಡೇ ಕೇರ್‌ನಲ್ಲಿರೋ ಎಲ್ಲ ದೊಡ್ಡವರೂ ಒಂದೇ ಥರ ಮಾಡಬೇಕು. ಒಬ್ಬರು ನಕ್ಕು, ಒಬ್ಬರು ಗದರಿ, ಇನ್ನೊಬ್ಬರು ಬಿಸ್ಕತ್ತು ಕೊಟ್ಟರೆ ಮಗು ಏನು ಕಲಿಯುತ್ತೆ?

5/8

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಇದು ಸ್ವಲ್ಪ ಚುಚ್ಚುತ್ತೆ.

ಮಗು ಎಡವಿ ಬಿತ್ತು. ನಾವು ಏನ್ ಮಾಡ್ತೀವಿ? "ಯಾರು ಪುಟ್ಟಂಗೆ ಹೊಡೆದಿದ್ದು? ಈ ನೆಲಾನಾ? ತಗೋ ನೆಲಕ್ಕೆ ಏಟು!" ಅಂತ ನೆಲಕ್ಕೆ ಎರಡು ಬಾರಿಸ್ತೀವಿ. ಮಗು ಅಳು ನಿಲ್ಲಿಸಿ ನಗುತ್ತೆ. ಎಷ್ಟು ಮುದ್ದಾಗಿದೆ ಅಲ್ವಾ? ಆ ಒಂದು ನಿಮಿಷದಲ್ಲಿ ನಾವು ಹೇಳಿಕೊಟ್ಟ ಪಾಠ: ನೋವಾದ್ರೆ ಯಾರಿಗಾದರೂ ಹೊಡೀಬೇಕು, ಹೊಡೆದ್ರೆ ನೋವು ಹೋಗುತ್ತೆ.

ಮುಂದಿನದು ರೀಲ್ಸ್. ಒಂದೂವರೆ ವರ್ಷದ ಪಾಪು ಅಜ್ಜಿ ಕೆನ್ನೆಗೆ ಪಟಾರ್ ಅಂತ ಬಾರಿಸುತ್ತೆ, ಹಿಂದೆ ಯಾರೋ ಕಿಸಕ್ಕನೆ ನಗ್ತಾರೆ, ಮೇಲೊಂದು ಮಾಸ್ ಬಿಜಿಎಂ. ನಾವೆಲ್ಲ ಲೈಕ್ ಒತ್ತಿರ್ತೀವಿ. ಅದೇ ಪಾಪು ಸೋಮವಾರ ಡೇ ಕೇರ್‌ನಲ್ಲಿ ಅದೇ ಏಟು ಕೊಟ್ಟರೆ ಯಾರೂ ನಗಲ್ಲ. ಭಾನುವಾರದ ಹೀರೋ ಸೋಮವಾರ ರೌಡಿ ಹೇಗಾದ ಅಂತ ಅದಕ್ಕೆ ಹೇಗೆ ತಿಳೀಬೇಕು?

1961ರಲ್ಲಿ ಸ್ಟ್ಯಾನ್‌ಫೋರ್ಡ್‌ನ ನರ್ಸರಿಯ 72 ಮಕ್ಕಳ ಜೊತೆ ಆಲ್ಬರ್ಟ್ ಬಂಡೂರ ಮಾಡಿದ ಬೋಬೋ ಬೊಂಬೆ ಪ್ರಯೋಗ ನಮ್ಮ ಬ್ಯಾಚಿನವರಿಗೆ ಬಾಯಿಪಾಠ. ದೊಡ್ಡವರು ಬೊಂಬೆಗೆ ಹೊಡೆದಿದ್ದನ್ನ ನೋಡಿದ ಮಕ್ಕಳಲ್ಲಿ ಅನೇಕರು ಅದೇ ಹೊಡೆತ, ಅದೇ ಮಾತನ್ನ ಅನುಕರಿಸಿದರು. ಬೊಂಬೆಗೆ ಹೊಡೆಯೋದು ಬೇರೆ, ಮನುಷ್ಯರಿಗೆ ಹೊಡೆಯೋದು ಬೇರೆ ಅನ್ನೋ ಟೀಕೆಯನ್ನೂ ಐದು ಮಾರ್ಕಿಗೆ ಬರೆದಿದ್ದೀವಿ. ಸರಿ. ಆದರೆ ಮಕ್ಕಳು ನಮ್ಮನ್ನ ನೋಡ್ತಾ ಇರ್ತಾರೆ ಅನ್ನೋದಕ್ಕೆ ಟೀಕೆ ಏನಿದೆ?

ಆಮೇಲೆ "ಒಂದ್ಸಲ ವಾಪಸ್ ಕಚ್ಚಿ ತೋರಿಸು, ಬುದ್ಧಿ ಬರುತ್ತೆ" ಅನ್ನೋರು. "ಬಾಯಿಗೆ ಖಾರದಪುಡಿ ಹಾಕ್ತೀನಿ" ಅನ್ನೋರು. ಬಾತ್‌ರೂಮಲ್ಲಿ ಕೂಡಿಹಾಕೋರು, ಗುಮ್ಮನ್ನ ಕರೆಯೋರು. ಇವರೆಲ್ಲರ ಬಾಯಲ್ಲೂ ಒಂದೇ ಗಾದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಸ್ವಾಮಿ, ಗಾದೆ ಹೇಳೋದು ಬಗ್ಗಿಸೋದರ ಬಗ್ಗೆ. ಮುರಿಯೋದರ ಬಗ್ಗೆ ಅಲ್ಲ.

ಇದು ಬರೀ ನೀತಿಪಾಠವೂ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಕ್ಕಳನ್ನ ನೋಡಿಕೊಳ್ಳೋ ಸಂಸ್ಥೆಯ ಸಿಬ್ಬಂದಿಯೇ ಮಗುವಿನ ಮೇಲೆ ಕ್ರೌರ್ಯ ನಡೆಸಿದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪೋಸ್ಟಿಂಗ್‌ಗೆ ಹೋಗೋ ಮುಂಚೆ ಇದನ್ನ ತಲೇಲಿ ಇಟ್ಕೊಳ್ಳಿ.

6/8

ಇಲ್ಲಿವರೆಗೆ ಮಗುವಿನ ಬಗ್ಗೆ ಮಾತಾಡಿದ್ವಿ. ಈಗ ಆ ರೂಮಿನ ಬಗ್ಗೆ.

ಹನ್ನೆರಡಕ್ಕೆ ಹದಿನಾಲ್ಕು ಅಡಿಯ ರೂಮು. ಹದಿನೆಂಟು ಮಕ್ಕಳು. ಒಂದೇ ಒಂದು ಮೂರು ಚಕ್ರದ ಸೈಕಲ್ಲು. ಒಬ್ಬರು ಮಿಸ್, ಒಬ್ಬರು ಆಯಾ. ಆಯಾ ಒಂದು ಮಗುವಿನ ಬಟ್ಟೆ ಬದಲಾಯಿಸ್ತಿದ್ದಾರೆ, ಮಿಸ್ ಯಾವುದೋ ಪೇರೆಂಟ್‌ಗೆ ಮಧ್ಯಾಹ್ನದ ಊಟದ ಫೋಟೋ ಕಳಿಸ್ತಿದ್ದಾರೆ. ಹೊರಗೆ ಆಡೋಕೆ ಅಂಗಳ ಇಲ್ಲ, ಕೆಳಗೆ ಪಾರ್ಕಿಂಗು. ಇಂಥಾ ಕಡೆ ನಿಮ್ಮನ್ನ ಒಂಬತ್ತು ಗಂಟೆ ಕೂಡಿಹಾಕಿದ್ರೆ ನೀವೇ ಯಾರನ್ನಾದರೂ ಕಚ್ತಿದ್ರಿ.

ಆದ್ದರಿಂದ ಮಗುವಿನ "ಬಿಹೇವಿಯರ್" ಸರಿಮಾಡೋ ಮುಂಚೆ ಕೆಲವು ಸಣ್ಣ ಬದಲಾವಣೆ ಮಾಡಿ ನೋಡಬಹುದು. ಎಲ್ಲರಿಗೂ ಬೇಕಾದ ಆಟಿಕೆ ಒಂದರ ಬದಲು ಎರಡು ಇಡಿ. ಹಂಚಿಕೊಳ್ಳೋದು ಮೂರು ವರ್ಷ ದಾಟಿದ ಮೇಲೆ ನಿಧಾನಕ್ಕೆ ಬರೋ ವಿದ್ಯೆ. ಒಂದು ಮೂಲೆಯಲ್ಲಿ ಚಾಪೆ, ದಿಂಬು ಹಾಕಿ, ಸಾಕಾದ ಮಗು ಹೋಗಿ ಮಲಗೋ ಜಾಗ. ಅದು ಶಿಕ್ಷೆಯ ಮೂಲೆ ಆಗಬಾರದು. ದಿನಕ್ಕೆ ಒಂದಷ್ಟು ಹೊತ್ತು ಓಡೋಕೆ, ಮಣ್ಣು ನೀರಲ್ಲಿ ಆಡೋಕೆ ಬಿಡಿ. ಸಾಲಲ್ಲಿ ಕಾಯೋ ಸಮಯ ಕಡಿಮೆ ಮಾಡಿ.

ಇನ್ನು ಆ ಮಿಸ್, ಆ ಆಯಾ. ಅವರ ಸಂಬಳ ಎಷ್ಟು ಅಂತ ಒಮ್ಮೆ ಕೇಳಿ ನೋಡಿ. ಅಂಗನವಾಡಿಯ ಕಾರ್ಯಕರ್ತೆ, ಸಹಾಯಕಿಗೆ ಸರ್ಕಾರ ಕೊಡೋದಕ್ಕೆ ಸಂಬಳ ಅನ್ನೋ ಹೆಸರೂ ಇಲ್ಲ, ಅದು "ಗೌರವಧನ". 1975ರಲ್ಲಿ ಐಸಿಡಿಎಸ್ ಯೋಜನೆ ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಶುರುವಾಯ್ತು, ಐವತ್ತು ವರ್ಷ ಆಯ್ತು, ಹೆಸರು ಬದಲಾಗಿಲ್ಲ. 2017ರ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರೋ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಅಂತು. 2023-24ರ ಬಜೆಟ್‌ನಲ್ಲಿ ನಮ್ಮ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಘೋಷಿಸ್ತು. ಒಳ್ಳೇದೇ. ಆದರೆ ಗೋಡೆಗೆ ಚಿಟ್ಟೆ ಚಿತ್ರ ಬರೆಸಿದ ಮಾತ್ರಕ್ಕೆ ಡೇ ಕೇರ್ ಆಗಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಮಗುವಿನ ನಂಬಿಕೆ ಕಟ್ಟೋಕೂ ವರುಷವೇ ಬೇಕು. ಆರು ತಿಂಗಳಿಗೊಮ್ಮೆ ಕೆಲಸ ಬಿಟ್ಟು ಹೋಗೋ ಹಾಗೆ ಸಂಬಳ ಕೊಟ್ಟರೆ ಕಟ್ಟೋರು ಯಾರು?

ದಣಿದ ದೊಡ್ಡವರು, ದಣಿದ ಮಕ್ಕಳು, ಒಂದು ಸೈಕಲ್ಲು. ಅಲ್ಲಿ ಕಚ್ಚಿದ್ದು ಒಂದು ಮಗು, ಆದರೆ ತಪ್ಪಿನ ಪಾಲು ಎಲ್ಲರದು.

7/8

"ನಿನಗೇನು, ಥಿಯರಿ ಹೇಳ್ತೀಯ. ರಕ್ತ ಬಂದಿರೋದು ನಮ್ಮ ಮಗುವಿಗೆ."

ಹೋದ ಸಲ ಈ ವಿಷಯ ಸ್ಟೋರಿಯಲ್ಲಿ ಹಾಕಿದಾಗ ಒಬ್ಬ ತಾಯಿ ಕಳಿಸಿದ ಮೆಸೇಜಿನ ತಾತ್ಪರ್ಯ ಇದು. ಅವರ ಸಿಟ್ಟು ನ್ಯಾಯವೇ. ಬೆಳಿಗ್ಗೆ ನಗುನಗುತ್ತಾ ಕಳಿಸಿದ ಮಗುವಿನ ಕೆನ್ನೆ ಮೇಲೆ ಸಂಜೆ ಹಲ್ಲಿನ ಗುರುತು ಕಂಡರೆ ಯಾರಿಗೆ ಹೊಟ್ಟೆ ಉರಿಯಲ್ಲ? "ಮಕ್ಕಳು ಅಂದ್ಮೇಲೆ ಇದೆಲ್ಲ ಇದ್ದದ್ದೇ ಮೇಡಂ" ಅನ್ನೋ ಉತ್ತರಕ್ಕಿಂತ ಅವಮಾನ ಇನ್ನೊಂದಿಲ್ಲ.

ಆ ಅಮ್ಮಂದಿರಿಗೆ ನನ್ನದೊಂದು ಕೋರಿಕೆ. "ಯಾರು ಕಚ್ಚಿದ್ದು?" ಅಂತ ಕೇಳಬೇಡಿ. "ನಾಳೆ ಇದು ಆಗದ ಹಾಗೆ ಏನ್ ಮಾಡ್ತೀರ?" ಅಂತ ಕೇಳಿ. ಆಗ ಎಲ್ಲಿದ್ರಿ, ಎಷ್ಟು ಜನ ಇದ್ರಿ, ನೋಟ್‌ಬುಕ್ ತೋರಿಸಿ ಅಂತ ಪಟ್ಟು ಹಿಡೀರಿ. ಅದು ನಿಮ್ಮ ಹಕ್ಕು. ಹೆಸರು ಗೊತ್ತಾದ್ರೆ ಅದು ಸಂಜೆಯೊಳಗೆ ವಾಟ್ಸಾಪ್ ಗ್ರೂಪಿಗೆ ಬರುತ್ತೆ. ಆಮೇಲೆ ಬರ್ತ್‌ಡೇಗೆ ಆ ಮಗುವನ್ನ ಯಾರೂ ಕರೆಯಲ್ಲ. ಎರಡು ವರ್ಷಕ್ಕೆ ಬಹಿಷ್ಕಾರ. ಮುಂದಿನ ತಿಂಗಳು ನಿಮ್ಮ ಮಗುವೇ ಕಚ್ಚಬಹುದು, ಈ ವಯಸ್ಸಿನಲ್ಲಿ ಪಾತ್ರಗಳು ಬೇಗ ಬದಲಾಗುತ್ತವೆ.

ಹಾಗಾದ್ರೆ ಎಲ್ಲವೂ ತಾನಾಗೇ ಸರಿಹೋಗುತ್ತಾ? ಇಲ್ಲ. ನಾಲ್ಕು ದಾಟಿ ಐದಾದರೂ ಕಡಿಮೆ ಆಗದೇ ಜಾಸ್ತಿ ಆಗ್ತಿದ್ರೆ, ತನಗೆ ತಾನೇ ಗಾಯ ಮಾಡಿಕೊಳ್ತಿದ್ರೆ, ಎರಡು ವರ್ಷ ದಾಟಿದ್ರೂ ಎರಡು ಪದ ಜೋಡಿಸಿ ಆಡದಿದ್ರೆ, ಹೆಸರು ಕರೆದ್ರೆ ತಿರುಗದಿದ್ರೆ, ಕಾಯಬೇಡಿ. ಮೊದಲು ಮಕ್ಕಳ ಡಾಕ್ಟರ್. ಮಾತು, ಕಿವಿಯ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಅಲ್ಲಿಗೆ ಹೋದ ಮಾತ್ರಕ್ಕೆ ಮಗುವಿಗೆ "ತಲೆ ಸರಿ ಇಲ್ಲ" ಅಂತ ಅಲ್ಲ. ಕಣ್ಣು ಮಂಜಾದ್ರೆ ಕನ್ನಡಕ ಹಾಕಿಸಲ್ವಾ?

ಇನ್ನೊಂದು ಕಷ್ಟದ ಮಾತು. ಇದ್ದಕ್ಕಿದ್ದ ಹಾಗೆ ಹೊಡೆಯೋಕೆ ಶುರುಮಾಡಿದ ಮಗು, ದೊಡ್ಡವರ ಕೈ ಮೇಲೆದ್ದರೆ ಮುಖ ಮುಚ್ಚಿಕೊಳ್ಳೋ ಮಗು, ತಾನೇ ಎಲ್ಲೋ ಪೆಟ್ಟು ತಿನ್ನುತ್ತಿರಬಹುದು. ಮನೆಯಲ್ಲಾಗಲಿ, ಡೇ ಕೇರ್‌ನಲ್ಲಾಗಲಿ. ಅನುಮಾನ ಬಂದ್ರೆ 1098 ಮಕ್ಕಳ ಸಹಾಯವಾಣಿ. ಅಂಥಾ ಮಗುವನ್ನ "ಸೋಮವಾರದಿಂದ ಕಳಿಸಬೇಡಿ" ಅಂದ್ರೆ, ಅದನ್ನ ನೋಡೋ ಕೊನೆಯ ಕಣ್ಣೂ ಮುಚ್ಚಿದ ಹಾಗೆ.

8/8

ಕೊನೇದು. ನಿಮಗೆ, ಅಂದ್ರೆ ಹತ್ತೊಂಬತ್ತು ಇಪ್ಪತ್ತರ ನಮಗೆ.

ನಮಗೆ ಮಕ್ಕಳಿಲ್ಲ, ಡೇ ಕೇರ್ ನಡೆಸಲ್ಲ, ನಮಗೇನು ಅಂತೀರಾ? ಕೈಯಲ್ಲಿ ಫೋನ್ ಇದೆಯಲ್ಲ, ಅಲ್ಲಿಂದಲೇ ಶುರು. ಮಗು ಹೊಡೆಯೋ ರೀಲ್ ಬಂದ್ರೆ ಲೈಕ್ ಒತ್ತಬೇಡಿ, ಶೇರ್ ಮಾಡಬೇಡಿ. ಅಕ್ಕನ ಮಗು ನಿಮ್ಮ ಕೂದಲು ಎಳೆದಾಗ ಕ್ಯಾಮೆರಾ ಆನ್ ಮಾಡೋ ಬದಲು ಕೈ ಹಿಡಿದು "ಎಳೆಯೋ ಹಾಗಿಲ್ಲ, ನೋವಾಗುತ್ತೆ" ಅನ್ನಿ. ನಗು ಬಂದ್ರೆ ಆಮೇಲೆ ಅಡುಗೆಮನೆಗೆ ಹೋಗಿ ನಗಿ. ಬಿದ್ದ ಮಗುವಿಗೋಸ್ಕರ ನೆಲಕ್ಕೆ ಹೊಡೀಬೇಡಿ, "ಎಲ್ಲಿ ನೋವಾಯ್ತು, ತೋರಿಸು" ಅನ್ನಿ. ಅಜ್ಜಿ ಬಂದು ನೆಲಕ್ಕೆ ಹೊಡೆದ್ರೆ? ಅಜ್ಜಿ ಹತ್ರ ಜಗಳ ಬೇಡ, ನಿಧಾನಕ್ಕೆ ಹೇಳಿ. ಅವರೂ ಕೇಳ್ತಾರೆ, ನಮಗಿಂತ ಬೇಗ.

ಪೋಸ್ಟಿಂಗ್‌ಗೆ ಹೋಗೋ ನಮ್ಮ ಬ್ಯಾಚಿನವರಿಗೆ: ನೋಟ್‌ಬುಕ್ ತಗೊಂಡು ಹೋಗಿ. ಯಾವ ಮಗುವನ್ನೂ "ಅಗ್ರೆಸಿವ್ ಚೈಲ್ಡ್" ಅಂತ ರೆಕಾರ್ಡ್‌ನಲ್ಲಿ ಬರೀಬೇಡಿ. "11.20ಕ್ಕೆ ಸೈಕಲ್ ಹತ್ರ ಎರಡು ಸಲ ತಳ್ಳಿದ" ಅಂತ ಬರೀರಿ. ಮೊದಲನೇದು ಹಣೆಬರಹ, ಅದನ್ನ ಯಾರೂ ತಿದ್ದೋಕಾಗಲ್ಲ. ಎರಡನೇದು ಬರೀ ಒಂದು ಘಟನೆ, ಅದನ್ನ ನಾಳೆಯೇ ತಿದ್ದಬಹುದು.

ಮುಂದೆ ನಿಮ್ಮಲ್ಲಿ ಯಾರಾದರೂ ಡೇ ಕೇರ್ ತೆರೆದರೆ ಅಡ್ಮಿಷನ್ ಫಾರಂನಲ್ಲೇ ಒಂದು ಸಾಲು ಸೇರಿಸಿ: ಕಚ್ಚಿದ್ದಕ್ಕೆ, ಹೊಡೆದಿದ್ದಕ್ಕೆ ನಾವು ಯಾವ ಮಗುವನ್ನೂ ಹೊರಗೆ ಹಾಕಲ್ಲ, ಜೊತೆಗೆ ಕೂತು ಸರಿಮಾಡ್ತೀವಿ. ಆ ಸಾಲನ್ನ ಉಳಿಸಿಕೊಳ್ಳೋಕೆ ಇನ್ನೊಬ್ಬರು ಆಯಾ ಬೇಕಾಗಬಹುದು, ಫೀಸು ಸ್ವಲ್ಪ ಜಾಸ್ತಿ ಆಗಬಹುದು, ಕೆಲವು ಪೇರೆಂಟ್ಸ್ ಬಿಟ್ಟು ಹೋಗಬಹುದು. ಆದರೂ ಹಾಕಿ.

ಒಪ್ಪಿಗೆ ಇಲ್ವಾ? ಕಾಮೆಂಟಲ್ಲಿ ಬನ್ನಿ, ಮಾತಾಡೋಣ. ಒಂದೇ ಷರತ್ತು, ಯಾವ ಮಗುವಿನ ಹೆಸರೂ ಬರೀಬೇಡಿ, ಯಾವ ಡೇ ಕೇರ್ ಅಂತಲೂ ಬೇಡ. ಜಗಳ ಆಡೋಣ, ಆದರೆ ಕಚ್ಚೋ ಹಾಗಿಲ್ಲ. ನಮಗಂತೂ ಮಾತು ಬರುತ್ತಲ್ಲ.

#ಡೇಕೇರ್‌ಮಾತು #ಪುಟ್ಟಮಕ್ಕಳು #ಕನ್ನಡಪೋಸ್ಟ್ #ಮಕ್ಕಳಮನಸ್ಸು #ಅಂಗನವಾಡಿ #ನಮ್ಮಬ್ಯಾಚು